ಇದೇ ಅದು, ಬನ್ನಿ

ನಮ್ಮೂರಿಗೆಂದೇ ಹೊರಟು ನಮ್ಮೂರಿಗೆ ಬಂದವರು ಈ ಕತೆಯ ಹುಡುಗಿ ಬರುವ ತನಕ ಯಾರೂ ಇರಲಿಲ್ಲ. ಬೇರೆ ಎಲ್ಲಿಗೋ ಹೊರಟವರೇ ಬರುವುದು. ಸಣ್ಣದೊಂದು ಹಾಯಿದೋಣಿ ಮಾಡಿಕೊಂಡು, ಮನೆಯವರ ಬೈಗುಳ ತಿಂದು, ಜನ್ಮದಲ್ಲಿ ಒಮ್ಮೆಯಾದರೂ ಆ ಜಾಗ ನೋಡಿಯೇ ಸಿದ್ಧ ಎಂದು ಯಾರು ಯಾವ ಸಮುದ್ರದಲ್ಲಿ ಹೊರಟರೂ ಕೊನೆಗೆ ಮುಟ್ಟುವುದು ದೋಣಿ ಕಟ್ಟುವ ನಮ್ಮ ಧಕ್ಕೆಗೆ. ದೊಡ್ಡ ಹಡಗುಗಳಿಗೆ ಈ ಕಾಟವಿಲ್ಲ. ಅವು ದೂರದಲ್ಲಿ ಹೊಗೆ ಬಿಟ್ಟುಕೊಂಡು ತಮ್ಮ ಪಾಡಿಗೆ ಹೋಗುತ್ತವೆ. ಮನೆಗೆ ಹೊರಟ ದೋಣಿಗೂ ಇಲ್ಲ, ಮನೆಗೆ ಹೊರಟದ್ದು ನೆಟ್ಟಗೆ ಮನೆಗೇ ಹೋಗುತ್ತದೆ. ಕನಸಿನ ಜಾಗ ಹುಡುಕಿಕೊಂಡು ಹೊರಟ ಸಣ್ಣ ದೋಣಿ ಮಾತ್ರ ನಮ್ಮಲ್ಲಿಗೆ. ಯಾಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಿನಲ್ಲಿ ಸೂರ್ಯ ಯಾಕೆ ಪೂರ್ವಕ್ಕೇ ಹುಟ್ಟುತ್ತಾನೆ ಎಂದು ನಾನು ಕೇಳಿದೆನೇ?

ನಾನು ಐತಪ್ಪ, ಧಕ್ಕೆಯಲ್ಲಿ ಹಗ್ಗ ಹಿಡಿಯುವವನು. ದೋಣಿಯವರು ಎಸೆದ ಹಗ್ಗವನ್ನು ಗೂಟಕ್ಕೆ ಸುತ್ತುವ ಮೊದಲು ಒಂದು ಪ್ರಶ್ನೆ ಕೇಳಬೇಕು, ಅದು ನಮ್ಮಪ್ಪನ ಕಾಲದಿಂದ ಬಂದ ಕ್ರಮ. "ಎಲ್ಲಿಗೆ ಅಂತ ಹೊರಟದ್ದು ಮಾರಾಯ್ರೇ?" ಅವರು ಏನು ಬೇಕಾದರೂ ಹೇಳಲಿ, ಹವಳದ ದ್ವೀಪ ಅನ್ನಲಿ, ಮಂಜಿನ ಕೊಲ್ಲಿ ಅನ್ನಲಿ, ಹಣ್ಣು ತಾನಾಗಿ ದೋಣಿಯೊಳಗೆ ಬೀಳುವ ನಡುಗಡ್ಡೆ ಅನ್ನಲಿ, ನಾನು ಹೇಳುವುದು ಒಂದೇ ಮಾತು. "ಇದೇ ಅದು, ಬನ್ನಿ." ಆಮೇಲೆ ಗೂಟದ ಪಕ್ಕದ ಕರಿಹಲಗೆಯಲ್ಲಿ ಹಿಂದಿನವರ ಜಾಗದ ಹೆಸರು ಒರೆಸಿ, ಇವರು ಹೇಳಿದ್ದನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಸುಳ್ಳಲ್ಲವಾ ಇದು ಎಂದು ನಾನು ಸಣ್ಣವನಿದ್ದಾಗ ಅಪ್ಪನನ್ನು ಕೇಳಿದ್ದೆ. "ತುಟಿ ಒಡೆದು, ಕೈಯಲ್ಲಿ ಬೊಬ್ಬೆ ಎದ್ದು ಅಷ್ಟು ದೂರದಿಂದ ಬಂದವನಿಗೆ ಅಲ್ಲ ಅನ್ಲಿಕ್ಕೆ ನಿಂಗೆ ಬಾಯಿ ಬರ್ತದಾ?" ಎಂದು ಅಪ್ಪ ಕೇಳಿದ. ನನಗೆ ಬರಲಿಲ್ಲ. ಊರಿನಲ್ಲಿ ಯಾರಿಗೂ ಬರುವುದಿಲ್ಲ.

ಮತ್ತೆ, ಬಂದವರಿಗೂ ಅನುಮಾನ ಎಂಬುದೇ ಇಲ್ಲವಲ್ಲ! ನಮ್ಮ ಮರಳು ರಾಗಿಹಿಟ್ಟಿನ ಬಣ್ಣದ್ದು. ಅದನ್ನು ಬೊಗಸೆಯಲ್ಲಿ ಎತ್ತಿ "ಎಂಥಾ ಬಿಳುಪು!" ಎಂದು ಕಣ್ಣೀರು ಹಾಕಿದವರಿದ್ದಾರೆ. ಜಲಜಕ್ಕನ ಹೋಟೆಲಿನ ಒಂದೇ ಬೆಂಚಿನ ಮೇಲೆ, ಹಿಮದ ಕಡಲಿಗೆ ಹೊರಟು ಬಂದವನೊಬ್ಬ ಉಣ್ಣೆಯ ಸ್ವೆಟರು ಹಾಕಿ ಬೆವರು ಸುರಿಸುತ್ತಾ "ಅಬ್ಬಾ ಚಳಿ" ಎನ್ನುತ್ತಿದ್ದರೆ, ಪಕ್ಕದಲ್ಲಿ ಇನ್ನೊಬ್ಬ ಅಂಗಿ ಬಿಚ್ಚಿ ಬಿಸಿಲುನಾಡಿನ ಸುಖ ಹೊಗಳುತ್ತಿದ್ದ. ಇಬ್ಬರೂ ಒಂದೇ ಬಂಗುಡೆ ಮೀನಿನ ಸಾರು ತಿಂದು, ಇಂಥದ್ದು ಲೋಕದಲ್ಲಿ ಇಲ್ಲಿ ಬಿಟ್ಟರೆ ಸಿಗುವುದಿಲ್ಲ ಎಂದು ಒಪ್ಪಿಕೊಂಡು ಕೈ ಕುಲುಕಿದರು. ಪಿಂಟೋ ಸಾಯ್ಬರಂತೂ ನಿವೃತ್ತಿಯಾದ ಮೇಲೆ ನಾಲ್ಕು ಸಲ ಬಂದು ಹೋಗಿದ್ದರು, ನಾಲ್ಕು ಬೇರೆ ಬೇರೆ ಜಾಗ ನೋಡಿದೆ ಎಂಬ ಸಂತೋಷದಲ್ಲಿ. ನಾಲ್ಕನೇ ಸಲ ಬಂದಾಗ "ಮೂರನೇ ದ್ವೀಪದಲ್ಲಿ ಅಡುಗೆ ಇದಕ್ಕಿಂತ ಚೆನ್ನಾಗಿತ್ತು" ಎಂದು ಜಲಜಕ್ಕನ ಎದುರೇ ಹೇಳಿದರು. ಅವಳು ತನಗೆ ತಾನೇ ಸವತಿಯಾದವಳ ಹಾಗೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆದರೂ ಬಾಯಲ್ಲಿ ಹೇಳಿದ್ದು "ಹೌದು ಹೌದು ಸಾಯ್ಬರೇ" ಎಂದೇ.

ಈ ಜಲಜಕ್ಕ 'ಹೌದು' ಎನ್ನುವುದನ್ನು ಕೇಳಿದರೆ ನನ್ನ ವಯಸ್ಸಿನವರಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ ಪ್ರಾಯದಲ್ಲಿ ಅವಳಷ್ಟು ಎದುರುವಾದಿ ಹೆಂಗಸು ಈ ಕರಾವಳಿಯಲ್ಲೇ ಇರಲಿಲ್ಲ. ಇವತ್ತು ಸೆಕೆ ಎಂದರೆ ಅಲ್ಲ, ಮಳೆ ಬರ್ತದೆ ಎಂದರೆ ಅಲ್ಲ, ನೀನು ಹೇಳಿದ್ದೇ ಸರಿ ಜಲಜಕ್ಕ ಎಂದರೆ ಅದೂ ಅಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಬಾಯಿ ಬಿಟ್ಟ ಗಿರಾಕಿಯ ಎದುರಿನಿಂದ ಬಟ್ಟಲನ್ನೇ ಎತ್ತಿಕೊಂಡು ಹೋಗುತ್ತಿದ್ದಳು. ಸೌಟಿನಿಂದ ಅಂಗೈಗೆ ಫಟ್ಟೆಂದು ಹೊಡೆದುಕೊಂಡು "ಅಲ್ಲ ಅಂದ್ರೆ ಅಲ್ಲ" ಎಂದಳೆಂದರೆ ಅಲ್ಲಿಗೆ ಮಾತು ಮುಗಿಯಿತು. ಊರಿಗೆ ಊರೇ ಬಂದವರಿಗೆಲ್ಲ ಹೌದು ಎನ್ನುತ್ತಿದ್ದ ಕಾಲದಲ್ಲಿ ಅವಳನ್ನು ದೋಣಿಯವರ ಕಣ್ಣಿಗೆ ಬೀಳದಂತೆ ಅಡುಗೆಮನೆಯೊಳಗೇ ಇಡಬೇಕಾಗಿತ್ತು. ಬೆಂಚಿನವರನ್ನು ನೋಡಿಕೊಳ್ಳುತ್ತಿದ್ದವಳು ಅವಳ ತಂಗಿ ವಾರಿಜ. ವಾರಿಜಳಿಗೆ ನಗುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ, ಆದರೆ ಅದೊಂದು ಕೆಲಸ ಚೆನ್ನಾಗಿ ಬರುತ್ತಿತ್ತು.

ಒಂದು ವರ್ಷ ಒಬ್ಬ ತರುಣ ಬಂದ. ಕಿವಿಯಲ್ಲಿ ದಾಸವಾಳ ಮುಡಿದ ಹುಡುಗಿಯರ ದ್ವೀಪಕ್ಕೆ ಹೊರಟವನಂತೆ. ನಾನು ಇದೇ ಅದು ಎಂದೆ. ವಾರಿಜ ಹಿತ್ತಲಿಗೆ ಓಡಿ ಒಂದು ದಾಸವಾಳ ಕಿತ್ತು ಕಿವಿಗೆ ಸಿಕ್ಕಿಸಿಕೊಂಡು ಬಂದಳು. ಅಲ್ಲಿಗೆ ಕತೆ ಮುಗಿಯಿತು ಅಥವಾ ಸುರುವಾಯಿತು, ನೀವು ಹೇಗೆ ಬೇಕಾದರೂ ತಿಳಿಯಿರಿ. ಅವನು ಮನೆಗೆ ಹೊರಡುವಾಗ ಜೊತೆಗೆ ಹೋಗುತ್ತೇನೆ ಎಂದು ವಾರಿಜ ಕೂತಳು. ಜಲಜಕ್ಕ ಬೇಡ ಎಂದಳು. "ಜನ್ಮದಲ್ಲಿ ಒಂದ್ಸಲ ಹೌದು ಅನ್ನು ಅಕ್ಕಾ. ಒಂದೇ ಸಲ. ನಾನು ಖುಷಿಯಲ್ಲಿ ಹೋಗ್ತೇನೆ" ಎಂದು ತಂಗಿ ಕಾಲು ಹಿಡಿದಳು. ಜಲಜಕ್ಕ ಸೌಟು ಎತ್ತಿದಳು. ವಾರಿಜ ಹೋದ ದಿನ ಊರೆಲ್ಲ ಧಕ್ಕೆಯಲ್ಲಿತ್ತು, ಅಕ್ಕ ಒಬ್ಬಳು ಇರಲಿಲ್ಲ. ಹಗ್ಗ ಬಿಚ್ಚಿ ಎಸೆದವನು ನಾನು. ದೋಣಿ ಕಾಣದಾಗುವವರೆಗೂ ವಾರಿಜ ಹೋಟೆಲಿನ ಹೆಂಚಿನ ಮಾಡನ್ನೇ ನೋಡುತ್ತಿದ್ದಳು.

ಆಮೇಲೆ ಹೋಟೆಲು ಕೆಲವು ದಿನ ಮುಚ್ಚಿತ್ತು. ತೆರೆದಾಗ ಜಲಜಕ್ಕ ಬೇರೆಯೇ ಹೆಂಗಸಾಗಿದ್ದಳು. ಉಪ್ಪು ಜಾಸ್ತಿ ಎಂದರೆ ಹೌದು, ಕಡಿಮೆ ಎಂದರೂ ಹೌದು. ವ್ಯಾಪಾರಕ್ಕೆ ಬುದ್ಧಿ ಬಂತು ಎಂದು ಪಂಚಾಯತಿಯ ಅಧ್ಯಕ್ಷರಾದ ವಾಮನ ಮಾಸ್ತರರು ಹೊಗಳಿದರು. ಮಣ್ಣು! ಒಂದು 'ಹೌದು' ಎನ್ನಬೇಕಾದಲ್ಲಿ ಅನ್ನದೆ ಉಳಿಸಿಕೊಂಡವಳು ಅದನ್ನು ಸಿಕ್ಕಸಿಕ್ಕವರಿಗೆ ಹಂಚುತ್ತಿದ್ದಳು, ಅಷ್ಟೇ.

ಹೀಗಿರುವಾಗ ಒಂದು ಸಂಜೆ ಪಿಂಟೋ ಸಾಯ್ಬರು ಐದನೇ ಸಲ ಬಂದರು, ಈ ಸಲ ಹವಳದ ದ್ವೀಪಕ್ಕೆಂದು. ಇದೇ ಅದು ಬನ್ನಿ ಎಂದು ಹೇಳಿ ಹಲಗೆಯಲ್ಲಿ ಬರೆದು ಸುಣ್ಣದ ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರ ಬೆನ್ನಿಗೇ ಇನ್ನೊಂದು ದೋಣಿ ಬಂತು. ಕಂದುಬಣ್ಣದ, ಎರಡು ಕಡೆ ತೇಪೆ ಹಾಕಿದ ಹಾಯಿ. ಚುಕ್ಕಾಣಿ ಹಿಡಿದವಳು ಒಬ್ಬಳೇ ಹುಡುಗಿ. ಹಗ್ಗ ಎಸೆದಳು, ಹಿಡಿದೆ, ಕೇಳಿದೆ. ಅವಳು ನಮ್ಮೂರಿನ ಹೆಸರು ಹೇಳಿದಳು.

ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಹೇಳಿದರೆ ನೀವೂ ಹೊರಟುಬಿಟ್ಟೀರಿ. ಆದರೆ ಹೊರಗಿನವರ ಬಾಯಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು. ಕೈಯಲ್ಲಿದ್ದ ಹಗ್ಗ ಜಾರಿತು. "ಇದೇ ಅದು, ಬನ್ನಿ" ಎಂದೆ. ಜೀವಮಾನವಿಡೀ ಹೇಳಿದ ಮಾತು, ಒಂದು ಸಲವೂ ತಡವರಿಸದ ಮಾತು, ನಿಜವಾಗಿದ್ದ ಆ ಒಂದು ದಿನ ತಡವರಿಸಿತು. ಹುಡುಗಿ ನನ್ನ ಮುಖ ನೋಡಿದಳು, ಹಲಗೆಯ ಮೇಲಿನ 'ಹವಳದ ದ್ವೀಪ' ಓದಿದಳು, ಮುಂದೆ ಹೋಗುತ್ತಿದ್ದ ಪಿಂಟೋ ಸಾಯ್ಬರನ್ನು ನೋಡಿದಳು.

"ಅವರಿಗೂ ಅದೇ ಹೇಳಿದ್ರಿ ನೀವು. ಕೇಳಿಸ್ತು ನನಗೆ," ಎಂದಳು.

"ಅದು ಹೌದು. ಆದ್ರೆ ನಿಮಗೆ ಹೇಳಿದ್ದು ನಿಜ."

"ಅವರಿಗೆ ಹೇಳಿದ್ದು?"

ಬೇಗ ಹಲಗೆ ಒರೆಸಿ ಊರ ಹೆಸರು ಬರೆಯಲು ಹೋದೆ. ಯಾವತ್ತೂ ಬರೆದ ಹೆಸರಲ್ಲವಲ್ಲ, ಸೀಮೆಸುಣ್ಣ ಮುರಿಯಿತು. ಅವಳ ಕನ್ನಡ ನಮ್ಮದೇ ಕನ್ನಡ, ಅದೂ ನಮ್ಮ ಪ್ರಾಯಕಾಲದ್ದು, ಈಗಿನ ಮಕ್ಕಳ ಬಾಯಲ್ಲಿ ಇಲ್ಲದ್ದು. ಹೆಸರು ನಳಿನಿ ಎಂದಳು. ವಾರಿಜ ಎಂಬವಳ ಮಗಳಂತೆ. "ಇಲ್ಲಿ ಜಲಜ ಅಂತ ಒಬ್ಬರು ಇದ್ದಾರಾ?" ಎಂದು ಕೇಳಿದಳು.

ಈಗ ನೋಡಿ ನಮ್ಮೂರಿನ ಹಣೆಬರಹ. ಬಂದವರು ಏನು ಕೇಳಿದರೂ ಇಲ್ಲ ಎನ್ನಬಾರದು ಎಂದು ತಲೆತಲಾಂತರದಿಂದ ಕಲಿತ ಬಾಯಿಗಳು. ನನ್ನ ಹೆಂಡತಿ ಗುಲಾಬಿ ಮೀನು ಒಣಗಿಸುತ್ತಿದ್ದವಳು ತಲೆ ಎತ್ತಿ "ನಾನೇ ಜಲಜ, ಬಾ ಮಗಾ" ಎಂದಳು. ಬಳೆ ಮಾರುವ ಸುಂದರಿಯೂ ಅದನ್ನೇ ಎಂದಳು. ಆಚೆ ಬದಿಯಿಂದ ಮತ್ತೊಂದು ಜಲಜ ಓಡಿ ಬಂತು. ಟೈಲರ್ ಬಾಬಣ್ಣ ಕೂಡ ಕೈ ಎತ್ತಿದ್ದನಂತೆ, ಪುಣ್ಯಕ್ಕೆ ನಾನು ನೋಡಲಿಲ್ಲ. "ಅಯ್ಯೋ ನಿಮ್ಮ ಬಾಯಿಗೆ ಬೆಂಕಿ ಹಾಕ!" ಎಂದು ನಾನು ಕೂಗುತ್ತಿರುವಾಗಲೇ ಗಲಾಟೆ ಕೇಳಿ ನಿಜವಾದ ಜಲಜಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೋಟೆಲಿನಿಂದ ಇಳಿದು ಬಂದಳು. ಹುಡುಗಿಯ ಮುಖ ನೋಡಿದವಳು ಹಾಗೇ ನಿಂತಳು. ಅದು ವಾರಿಜಳ ಮೂಗು, ವಾರಿಜಳ ಗಲ್ಲ. ಅಲ್ಲಿ ಕೇಳಲು ಏನಿತ್ತು?

"ನೀವು ಜಲಜಕ್ಕನಾ?" ಎಂದು ನಳಿನಿ ಕೇಳಿದಳು.

"ಹೌದು ಮಗಾ, ಹೌದು," ಎಂದಳು ಜಲಜಕ್ಕ. ಅವಳ ಸ್ವರ ಬೆಣ್ಣೆಯ ಹಾಗೆ ಕರಗಿಹೋಗಿತ್ತು.

ನಳಿನಿಯ ಮುಖದಲ್ಲಿದ್ದ ಬೆಳಕು ಆರಿತು. ಅಂಗಡಿಯವನು ಜಾಸ್ತಿ ಹೊಗಳಿದಾಗ ನಾವು ನಗುತ್ತೇವಲ್ಲ, ಆ ತರದ ಒಂದು ನಗು ನಕ್ಕು "ಎಷ್ಟು ಬೇಗ ಒಪ್ಪಿಕೊಂಡ್ರಿ" ಎಂದಳು. ಆ ದಿನ ಹುಡುಗಿಗೆ ಜಲಜಕ್ಕ ನಾಲ್ಕನೇ ಜಲಜ.

ರಾತ್ರಿ ಊಟಕ್ಕೆ ಕೂತಾಗ ನಳಿನಿ ತನ್ನ ಅಮ್ಮ ಹೇಳಿದ ಊರನ್ನು ವರ್ಣಿಸಿದಳು. ಬಾವಿಯ ನೀರು ಎಳನೀರಿನಷ್ಟು ಸಿಹಿಯಂತೆ, ಮರಳು ಕಾಲಿಗೆ ಅಂಟುವುದೇ ಇಲ್ಲವಂತೆ, ಸಂಜೆಯಾದರೆ ಹೆಂಗಸರೆಲ್ಲ ಧಕ್ಕೆಯಲ್ಲಿ ಕೂತು ಹಾಡುತ್ತಾರಂತೆ. ಕೇಳಿದ ನಮಗೂ ಆ ಊರಿಗೆ ಒಮ್ಮೆ ಹೋಗಿಬರಬೇಕು ಎನಿಸಿತು. ನಮ್ಮ ಬಾವಿ ಉಪ್ಪು. ನಮ್ಮ ಹೆಂಗಸರು ಧಕ್ಕೆಯಲ್ಲಿ ಕೂತರೆ ಜಗಳ ಮಾಡುತ್ತಾರೆ. ಬೇರೆಯವರಿಗೆ ನಮ್ಮೂರು ಅವರ ಕನಸಿನ ಹಾಗೆ ಕಾಣುತ್ತಿತ್ತು. ಈ ಹುಡುಗಿ ಒಬ್ಬಳಿಗೆ ಮಾತ್ರ ಅದು ಇದ್ದದ್ದು ಇದ್ದ ಹಾಗೆ ಕಂಡಿತು, ಹಾಗಾಗಿ ಇದಲ್ಲ ಎಂದು ಅವಳಿಗೆ ಖಾತ್ರಿಯಾಯಿತು. "ನೀವೆಲ್ಲ ಒಳ್ಳೆಯವರು. ಆದ್ರೆ ನಾನು ನಾಳೆ ಬೆಳಿಗ್ಗೆ ಹೊರಡ್ತೇನೆ, ಅಮ್ಮನ ಊರು ಹುಡುಕ್ಬೇಕು," ಎಂದಳು.

ಮರುದಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೊರಟಳು. ಜಲಜಕ್ಕ ಅಳುತ್ತಾಳೆ ಎಂದು ನಾನು ಹೆದರಿದ್ದರೆ ಅವಳು ಒಲೆಯ ಮುಂದೆ ಕೂತು ಸಂಜೆಗೆಂದು ಮೀನು ಕೊಯ್ಯುತ್ತಿದ್ದಳು. "ಎಲ್ಲಿಗೆ ಹೋಗ್ತಾಳೆ ಐತಪ್ಪ? ಹುಡುಕ್ಲಿಕ್ಕೆ ಅಲ್ವಾ ಹೋದದ್ದು? ಹುಡುಕುವ ದೋಣಿ ಬರುವುದು ಇಲ್ಲಿಗೇ ತಾನೇ?" ಎಂದಳು. ಹಾಗೇ ಆಯಿತು. ಸಂಜೆಯ ಕಡಲಗಾಳಿಗೆ ಆ ತೇಪೆಯ ಹಾಯಿ ಮತ್ತೆ ಕಾಣಿಸಿತು. ನಳಿನಿ ಧಕ್ಕೆಗೆ ಮುಟ್ಟಿ, ನನ್ನನ್ನೂ ಹಲಗೆಯನ್ನೂ ನೋಡಿ, ನಾನೇ ಊರನ್ನು ಹೊತ್ತುಕೊಂಡು ಅವಳ ಎದುರಿಗೆ ತಂದಿಟ್ಟವನ ಹಾಗೆ ಸಿಟ್ಟಾದಳು. "ಮತ್ತೆ ನೀವಾ!" ಎಂದಳು. ನಾನೇನು ಮಾಡಲಿ, ಇದೇ ಅದು ಬನ್ನಿ ಎಂದೆ.

ದಿನಾ ಇದೇ ಆಯಿತು. ಬೆಳಿಗ್ಗೆ ಒಂದು ದಿಕ್ಕಿಗೆ ಹೋಗುವುದು, ಸಂಜೆ ಇನ್ನೊಂದು ದಿಕ್ಕಿನಿಂದ ಬರುವುದು. ವಾಮನ ಮಾಸ್ತರರು ಸಭೆ ಕರೆದರು. ಲೋಕದವರಿಗೆಲ್ಲ ಅವರವರ ಜಾಗ ತೋರಿಸಿದ ನಾವು ನಮ್ಮೂರಿಗೇ ಬಂದವಳಿಗೆ ನಮ್ಮೂರು ತೋರಿಸಲಾರದೆ ಹೋದರೆ ಮರ್ಯಾದೆ ಏನು ಉಳಿಯಿತು ಎಂಬುದು ಅವರ ಚಿಂತೆ. ಅವರ ಉಪಾಯದಂತೆ ಬಾವಿಗೆ ಬೆಲ್ಲದ ಅಚ್ಚುಗಳನ್ನು ಇಳಿಸಿದೆವು, ಹೆಂಗಸರನ್ನು ಧಕ್ಕೆಯಲ್ಲಿ ಸಾಲಾಗಿ ಕೂರಿಸಿ ಹಾಡಿಸಿದೆವು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಸುಂದರಿಗೂ ಗುಲಾಬಿಗೂ ಸ್ವರದ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ನಳಿನಿ ಬಾವಿಯ ನೀರು ಒಂದು ಗುಟುಕು ಕುಡಿದು, ಕೊಡದಲ್ಲಿ ತೇಲುವ ಇರುವೆಗಳನ್ನು ನೋಡಿ "ಇದಕ್ಕೆ ಬೆಲ್ಲ ಹಾಕಿದ್ದೀರಾ?" ಎಂದಳು. "ಹೌದು, ಇದೇ ಅದು!" ಎಂದರು ಮಾಸ್ತರರು ಹೆಮ್ಮೆಯಿಂದ. ಮೂರು ದಿನ ಊರಿಗೆ ಊರೇ ಪಾನಕದಲ್ಲಿ ಅನ್ನ ಬೇಯಿಸಿ ಉಂಡಿತು. ಪಿಂಟೋ ಸಾಯ್ಬರು ಮಾತ್ರ ಹವಳದ ದ್ವೀಪದ ಅನ್ನವೇ ಸಿಹಿ ಎಂದು ಎರಡೆರಡು ಸಲ ಬಡಿಸಿಕೊಂಡರು.

ಜಲಜಕ್ಕ ಇದರಲ್ಲಿ ಯಾವುದಕ್ಕೂ ಅಡ್ಡ ಬರಲಿಲ್ಲ, ಕೈಯೂ ಹಾಕಲಿಲ್ಲ. ಅವಳಿಗೆ ಬೇಕಾದದ್ದು ಸಂಜೆ ಸಿಗುತ್ತಿತ್ತು. ನಳಿನಿ ಉಪ್ಪುನೀರಿನಲ್ಲಿ ತೊಯ್ದು, ಸಿಟ್ಟಿನಲ್ಲಿ ಬಂದು ಬೆಂಚಿನ ಮೇಲೆ ಕೂರುವಳು, ಇವಳು ಬಿಸಿ ನೀರುದೋಸೆ ಹಾಕುವಳು, ಹುಡುಗಿ ತಿನ್ನುವುದನ್ನು ಬಾಗಿಲಿಗೆ ಒರಗಿ ನೋಡುವಳು. ಹುಡುಗಿ ದೋಸೆ ದಪ್ಪ ಎಂದರೆ ಹೌದು ಮಗಾ, ತೆಳು ಎಂದರೆ ಹೌದು ಮಗಾ. ಒಂದು ದಿನ ನಾನು ತಡೆಯಲಾರದೆ ಹೇಳಿದೆ, "ಜಲಜಕ್ಕ, ಹುಡುಗಿಯನ್ನು ಕೂರಿಸಿ ಸರಿಯಾಗಿ ಹೇಳಬಾರದಾ? ಅವಳ ಅಮ್ಮನ ಗುರುತು ಏನಾದ್ರೂ ಹೇಳು. ನಂಬಿಯಾಳು."

"ಹೌದು ಐತಪ್ಪ, ಹೇಳ್ಬೇಕು," ಎಂದಳು. ಆಮೇಲೆ ಸ್ವರ ತಗ್ಗಿಸಿ "ಹುಡುಕ್ತಾ ಇರ್ಲಿ ಮಾರಾಯ. ಹುಡುಕಿದಷ್ಟು ದಿವಸ ಬರ್ತಾಳೆ. ಸಿಕ್ತು ಅಂದ್ರೆ ಏನಾಗ್ತದೆ? ನೋಡಿದೆ ಅಂತ ಅಮ್ಮನ ಹತ್ರ ಹೇಳ್ಲಿಕ್ಕೆ ಓಡ್ತಾಳೆ, ಮತ್ತೆ ನಾನು ಈ ಬಾಗಿಲಲ್ಲಿ ನಿಂತು ಯಾರನ್ನು ನೋಡುವುದು?" ಎಂದಳು.

ಆದರೆ ಹುಡುಕುವವರಿಗೂ ಸಾಕಾಗುತ್ತದೆ ಎಂಬುದನ್ನು ಜಲಜಕ್ಕ ಲೆಕ್ಕ ಹಾಕಿರಲಿಲ್ಲ. ಒಂದು ಸಂಜೆ ನಳಿನಿ ಹಗ್ಗ ಎಸೆದಳು, ನಾನು ಬಾಯಿ ತೆರೆಯುವ ಮೊದಲೇ "ಬೇಡ ಐತಪ್ಪಣ್ಣ, ಹೇಳಬೇಡಿ" ಎಂದಳು. ಸಿಟ್ಟಿರಲಿಲ್ಲ. ದಣಿದ ಮಗುವಿನ ಮುಖವಾಗಿತ್ತು. "ನಾಳೆ ನಾನು ಮನೆಗೆ ಹೋಗ್ತೇನೆ. ಅಂಥ ಊರು ಎಲ್ಲೂ ಇಲ್ಲ ಅಂತ ಅಮ್ಮನಿಗೆ ಹೇಳ್ತೇನೆ."

ಮನೆಗೆ! ಮನೆಗೆ ಹೊರಟ ದೋಣಿ ಮನೆಗೇ ಹೋಗುತ್ತದೆ ಎಂದು ನಿಮಗೆ ಮೊದಲೇ ಹೇಳಿದ್ದೇನೆ. ಇನ್ನು ಅವಳು ಯಾವ ಸಂಜೆಯೂ ಬರುವುದಿಲ್ಲ. ಅಂಥ ಊರಿಲ್ಲ ಎಂದು ತಿಳಿದ ಮೇಲೆ ಇನ್ನೊಮ್ಮೆ ಹೊರಡುವುದೂ ಇಲ್ಲ. ಓಡಿಹೋಗಿ ಜಲಜಕ್ಕನಿಗೆ ಹೇಳಿದೆ. ದೋಸೆಹಿಟ್ಟಿನ ಪಾತ್ರೆಯಲ್ಲಿ ಅವಳ ಕೈ ಹಾಗೇ ನಿಂತಿತು. ಆ ರಾತ್ರಿ ಅವಳು ಹುಡುಗಿಯ ಪಕ್ಕದಲ್ಲಿ ಕೂತು ಹೇಳಬೇಕಾದದ್ದನ್ನೆಲ್ಲ ಹೇಳಿದಳಂತೆ, ನಾನೇ ನಿನ್ನ ದೊಡ್ಡಮ್ಮ, ಇದೇ ನಿನ್ನ ಅಮ್ಮ ಹುಟ್ಟಿದ ಮನೆ, ಇದೇ ಆ ಊರು ಎಂದು. ಹುಡುಗಿ ಅವಳ ಕೈ ಹಿಡಿದು "ನೀವು ತುಂಬ ಒಳ್ಳೆಯವರು" ಎಂದು ಮಲಗಿದಳಂತೆ.

ಬೆಳಿಗ್ಗೆ ಊರೆಲ್ಲ ಧಕ್ಕೆಯಲ್ಲಿತ್ತು. ಈ ಸಲ ಜಲಜಕ್ಕನೂ ಬಂದಿದ್ದಳು, ಒಲೆಯ ಮುಂದಿನಿಂದ ಎದ್ದು ಬಂದವಳು, ಕೈಯಲ್ಲಿ ಸೌಟು ಹಾಗೇ ಇತ್ತು. ವಾಮನ ಮಾಸ್ತರರು ಕೊನೆಯ ಪ್ರಯತ್ನವೆಂದು "ಇದೇ ಅದು ಮಗಾ" ಎಂದು ಶುರು ಮಾಡಿದರು, ಊರೆಲ್ಲ ಒಂದೇ ಸ್ವರದಲ್ಲಿ "ಇದೇ ಅದು" ಎಂದಿತು. ಭಜನೆಯ ಹಾಗೆ ಕೇಳಿಸಿತು, ನನಗೇ ನಂಬಿಕೆ ಬರಲಿಲ್ಲ. ನಳಿನಿ ದೋಣಿಗೆ ಇಳಿದು, ಹಾಯಿಯ ಹಗ್ಗ ಬಿಡಿಸುತ್ತಾ, ಮನೆಗೆ ಹೊರಟವರಿಗೆ ಬರುವ ಸಲಿಗೆಯಲ್ಲಿ ಮಾತಾಡಿದಳು.

"ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ. ಅಮ್ಮ ಹೇಳಿದ ಊರು ಮುಳುಗಿಹೋಗಿರಬೇಕು. ಪಾಪ, ಅಮ್ಮ ಈಗಲೂ ಅದನ್ನೇ ಹೇಳ್ತಾ ಇರ್ತಾರೆ. ಬೆಳಗಾಗುವ ಮುಂಚೆ ಎದ್ದು, ಆ ಸಿಹಿಬಾವಿಯಿಂದ ಇಡೀ ಹೋಟೆಲಿಗೆ ನೀರು ಸೇದಿ ಹಾಕ್ತಿದ್ದದ್ದು ಅವರೇ ಅಂತೆ. ಅಕ್ಕ ಬಿಸಿಲು ಬರುವ ತನಕ ಮಲಗಿರ್ತಿದ್ದಳು, ಪಾತ್ರೆ ತೊಳೆಯುವುದೂ ನಾನೇ, ಮೀನು ಕೊಯ್ಯುವುದೂ ನಾನೇ ಅಂತ..."

ಫಟ್ಟೆಂದು ಶಬ್ದವಾಯಿತು. ಜಲಜಕ್ಕನ ಅಂಗೈಗೆ ಸೌಟು ಬಿದ್ದಿತ್ತು.

"ಅಲ್ಲ!"

ಧಕ್ಕೆಯ ಮೇಲಿದ್ದ ಕಾಗೆಗಳು ಹಾರಿದವು. ನಮ್ಮೂರಿನಲ್ಲಿ, ಬಂದ ದೋಣಿಯವರ ಎದುರು, ಆ ಶಬ್ದ ಅಂದೇ ಮೊದಲು ಕೇಳಿದ್ದು.

"ಯಾರು? ವಾರಿಜನಾ? ನೀರು ಸೇದಿದ್ದಾ? ಒಂದು ಕೊಡಪಾನ ಎತ್ತಿದವಳಾ ಅವಳು? ಬಾವಿಕಟ್ಟೆಗೆ ಹೋಗಿ ಕನ್ನಡಿಯ ಹಾಗೆ ನೀರಿನಲ್ಲಿ ಮುಖ ನೋಡಿ ಬರ್ತಿದ್ದಳು! ಮಲಗಿದ್ದದ್ದು ಅವಳು! ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಹೋಗಿದೆ! ಮೀನು ಕೊಯ್ದಳಂತೆ ಮೀನು! ಮೀನಿನ ಕಣ್ಣು ನೋಡಿದ್ರೆ ಹೆದರಿಕೆ ಆಗ್ತದೆ ಅಂತ ಕೂಗ್ತಿದ್ದ ಹೆಣ್ಣು ಅದು!"

ನಾನು ಅಭ್ಯಾಸಬಲದಿಂದ "ಹೌದು ಹೌದು" ಎಂದೆ. "ನೀನು ಬಾಯಿ ಮುಚ್ಚು ಐತಪ್ಪ, ನಿನಗೇನು ಗೊತ್ತು!" ಎಂದು ನನ್ನ ಮೇಲೂ ಎಗರಿದಳು. ಅವಳ ಮುಖ ಕೆಂಪಾಗಿತ್ತು, ಸೆರಗು ಜಾರಿತ್ತು, ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಎಷ್ಟೋ ವರ್ಷಗಳ 'ಅಲ್ಲ'ಗಳು ಒಟ್ಟಿಗೆ ಬಾಗಿಲು ಒಡೆದು ಬಂದಿದ್ದವು. ನಳಿನಿ ಹಗ್ಗ ಬಿಡಿಸುವುದನ್ನು ನಿಲ್ಲಿಸಿ ಮೆಲ್ಲಗೆ ಎದ್ದು ನಿಂತಳು. ಅವಳ ಬಾಯಿ ಅರ್ಧ ತೆರೆದಿತ್ತು.

"ಬಾವಿಯ ನೀರು ಸಿಹಿ ಇತ್ತಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಅಲ್ಲ! ಉಪ್ಪು! ಆಗಲೂ ಉಪ್ಪು, ಈಗಲೂ ಉಪ್ಪು!"

"ಅಮ್ಮ ಚೆನ್ನಾಗಿ ಹಾಡ್ತಿದ್ದರಂತೆ."

"ಅಲ್ಲ! ಕಪ್ಪೆ ಹಾಡಿದ ಹಾಗೆ!"

"ಅಮ್ಮ ಹೋಗುವ ದಿನ ನೀವು ಧಕ್ಕೆಗೆ ಬರ್ಲಿಲ್ಲ. ಅವರ ಮೇಲೆ ಪ್ರೀತಿ ಇರಲಿಲ್ಲ ನಿಮಗೆ."

"ಅಲ್ಲ!" ಎಂದು ಜಲಜಕ್ಕ ಕಿರುಚಿದಳು. ಸೌಟು ಕೈಯಿಂದ ಬಿದ್ದು ಉರುಳಿತು.

"ನೀವು ನನ್ನ ದೊಡ್ಡಮ್ಮನಾ?"

"ಅಲ್ಲ ಅಂದ್ರೆ ಅಲ್ಲ!" ಎಂದಳು ಜಲಜಕ್ಕ, ಬಂದ ವೇಗದಲ್ಲೇ. ಎಂದ ಮೇಲೆ ಏನೆಂದೆ ಎಂದು ತಿಳಿದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ವಾಮನ ಮಾಸ್ತರರು ತಲೆ ಮೇಲೆ ಕೈ ಹೊತ್ತು ಕೂತೇಬಿಟ್ಟರು.

ನಳಿನಿ ನಗಲು ಶುರು ಮಾಡಿದಳು. ನಗುತ್ತಾ ದೋಣಿಯಿಂದ ಧಕ್ಕೆಗೆ ಹಾರಿದಳು, ನಗುತ್ತಲೇ ಬಿದ್ದಿದ್ದ ಸೌಟನ್ನು ಎತ್ತಿಕೊಂಡಳು, ಅದರಿಂದ ತನ್ನ ಅಂಗೈಗೆ ಫಟ್ಟೆಂದು ಹೊಡೆದುಕೊಂಡು, ತಲೆಯನ್ನು ಹಾಗೇ ಎಡಕ್ಕೆ ಕೊಂಕಿಸಿ "ಅಲ್ಲ ಅಂದ್ರೆ ಅಲ್ಲ!" ಎಂದಳು. ತದ್ರೂಪು ಪ್ರಾಯದ ಜಲಜಕ್ಕ. ಗುಲಾಬಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ಅಮ್ಮ ದಿನಾ ಹೀಗೆ ಆಡಿ ತೋರಿಸ್ತಾರೆ ದೊಡ್ಡಮ್ಮಾ. ನಕ್ಕು ನಕ್ಕು ಆಮೇಲೆ ಅಳ್ತಾರೆ. ಹೊರಡುವಾಗ ಒಂದೇ ಗುರುತು ಹೇಳಿ ಕಳಿಸಿದ್ದು, ಯಾರಾದ್ರೂ ಹೌದು ನಾನೇ ನಿನ್ನ ದೊಡ್ಡಮ್ಮ ಅಂದ್ರೆ ನಂಬಬೇಡ, ನಮ್ಮಕ್ಕ ಜನ್ಮದಲ್ಲಿ ಹೌದು ಅನ್ನುವವಳಲ್ಲ, ಅಲ್ಲ ಅಂದವಳ ಕಾಲಿಗೆ ಬೀಳು ಅಂತ." ಹೇಳುತ್ತಾ ಹೇಳುತ್ತಾ ಅವಳು ನಿಜಕ್ಕೂ ಕಾಲಿಗೆ ಬಿದ್ದಳು. ಜಲಜಕ್ಕ ಅವಳನ್ನು ಎತ್ತಿ ಅಪ್ಪಿಕೊಂಡದ್ದನ್ನು ನಾನು ಪೂರ್ತಿ ನೋಡಲಿಲ್ಲ. ಕಣ್ಣಿಗೆ ಸೀಮೆಸುಣ್ಣದ ಪುಡಿ ಹೋಗಿತ್ತು.

ನಳಿನಿ ಇನ್ನಷ್ಟು ದಿನ ಇದ್ದಳು. ದೊಡ್ಡಮ್ಮ ಮಗಳು ಇಬ್ಬರಿಗೂ ಉಪ್ಪಿನಿಂದ ಹಿಡಿದು ಗಾಳಿಯ ದಿಕ್ಕಿನವರೆಗೆ ಒಂದು ವಿಷಯದಲ್ಲೂ ಹೊಂದಿಕೆಯಾಗಲಿಲ್ಲ, ಇಬ್ಬರೂ ಬಹಳ ಸುಖವಾಗಿದ್ದರು. ಆಮೇಲೆ ಅಮ್ಮನನ್ನು ಕರೆತರಲು ಹೊರಟಳು. ಮಂಡಿನೋವಾದರೂ ಅವರು ಬಂದೇ ಬರುತ್ತಾರೆ ಎಂದಳು. "ಬರುವುದು ಬೇಡ ಅಂತ ಹೇಳು ಅವಳಿಗೆ," ಎಂದಳು ಜಲಜಕ್ಕ ಧಕ್ಕೆಯಲ್ಲಿ ನಿಂತು. "ಇಲ್ಲಿ ಯಾರೂ ಅವಳನ್ನು ಕಾಯ್ತಾ ಕೂತಿಲ್ಲ."

"ಇದೇ ಮಾತು ಹೇಳ್ತೇನೆ ದೊಡ್ಡಮ್ಮ. ಕೇಳಿದ ಕೂಡಲೇ ದೋಣಿ ಹತ್ತುತ್ತಾರೆ," ಎಂದು ನಳಿನಿ ಹಾಯಿ ಬಿಚ್ಚಿದಳು. ನಾನು ಹಗ್ಗ ಎಸೆದೆ. ಈ ಸಲ ನನಗೆ ಚಿಂತೆಯಿರಲಿಲ್ಲ. ವಾರಿಜಳಿಗೆ ಇದು ಈಗ ಮನೆಯಾದರೂ ಸರಿ, ಕನಸಾದರೂ ಸರಿ, ದೋಣಿ ಬರುವುದು ಇಲ್ಲಿಗೇ.

ಆ ಮಧ್ಯಾಹ್ನ ಪಿಂಟೋ ಸಾಯ್ಬರು ಊಟ ಮುಗಿಸಿ ಕೈ ತೊಳೆಯುತ್ತಾ, ಹವಳದ ದ್ವೀಪದ ಸಾರು ಸ್ವಲ್ಪ ಹುಳಿ ಅಲ್ಲವೇ ಎಂದರು. "ಅಲ್ಲ," ಎಂದಳು ಜಲಜಕ್ಕ, "ಇದು ಹವಳದ ದ್ವೀಪವೂ ಅಲ್ಲ." ಸಾಯ್ಬರು, ತಾವು ಇಷ್ಟು ವರ್ಷ ಸುತ್ತಿದ ಐದು ಜಾಗಗಳಲ್ಲಿ ಇಷ್ಟು ನೇರ ಮಾತಿನ ಜನ ಇರುವುದು ಇಲ್ಲಿ ಮಾತ್ರ ಎಂದು ಸಂತೋಷಪಟ್ಟರು. ಜಲಜಕ್ಕ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಅಟ್ಟದಿಂದ ಹಳೆಯ ಜೋಡಿ ಚಾಪೆ ಇಳಿಸಿ, ಬರುವುದೇನೂ ಬೇಡ, ಯಾರು ಕರೆದರು ಅವಳನ್ನು, ಎಂದು ಗೊಣಗುತ್ತಾ, ಎರಡನ್ನೂ ಚೆನ್ನಾಗಿ ಕೊಡವಿ ಬಿಸಿಲಿಗೆ ಹಾಕಿದಳು.